ಓಡುವ ಸಾಲಿನ ಕ್ಷಮೆ

ಟೀವಿಯ ಕೆಳ ಅಂಚಿನಲ್ಲಿ ಅಕ್ಷರಗಳು ಓಡುತ್ತಿದ್ದವು. ತಲೆ ನರೆತ ಮೇಲೆ ರಾತ್ರಿ ಶಾಲೆಗೆ ಹೋಗಿ ಓದು ಕಲಿತವಳು ನಾನು. ಅವು ಒಂದು ದಿನವೂ ನನಗೆ ಪೂರ್ತಿ ಸಿಕ್ಕಿದ್ದಿಲ್ಲ.

ಆ ಸಂಜೆ ಅಕ್ಷರ ನೋಡುವ ವ್ಯವಧಾನವೂ ಇರಲಿಲ್ಲ. ಪರದೆಯ ತುಂಬ ಪಕ್ಕದ ಮನೆಯ ಸಾವಂತ್ರಮ್ಮ ಕೂತಿದ್ದಳು. ನೆನೆಸಿದ ಅವರೆಕಾಳು ಹಿತುಕಿ, ಸಂತೆಯಲ್ಲಿ ಮಾರಿ ಬದುಕುವವಳು. ವಾರ್ತೆ ಓದುವ ಹುಡುಗಿ ಗಟ್ಟಿಯಾಗಿ ಹೇಳುತ್ತಿದ್ದಳು: "ನೀವು ತಿನ್ನುವ ಕಾಳಿಗೆ ಬಣ್ಣ ಬೆರೆಸುವವರು ಇವರೇ."

ನಿಜಕ್ಕೂ ಬಣ್ಣ ಸಿಕ್ಕಿದ್ದು ಯಾವುದೋ ಗೋದಾಮಿನಲ್ಲಿ ಎಂದು ಆಮೇಲೆ ತಿಳಿಯಿತು. ಅಲ್ಲಿ ಕ್ಯಾಮೆರಾ ಒಳಗೆ ಬಿಟ್ಟಿರಲಿಲ್ಲ. ಹಿಂದೊಮ್ಮೆ ಅಡುಗೆಯ ಕಾರ್ಯಕ್ರಮಕ್ಕೆಂದು ತೆಗೆದಿಟ್ಟುಕೊಂಡಿದ್ದ ಸಾವಂತ್ರಮ್ಮನ ಚಿತ್ರವನ್ನೇ ವಾಹಿನಿಯವರು ಆ ವರದಿಗೆ ಅಂಟಿಸಿಬಿಟ್ಟಿದ್ದರು. ಅಂದಿನಿಂದ ಅವಳ ಕಾಳನ್ನು ಸಂತೆಯಲ್ಲಿ ಯಾರೂ ಮುಟ್ಟಲಿಲ್ಲ.

ನಾನು ವಾಹಿನಿಗೆ ದೂರು ಬರೆದೆ. ಉತ್ತರವಿಲ್ಲ. ವಾಹಿನಿಗಳ ಮೇಲಿನ ದೂರು ಕೇಳುವ ಸಮಿತಿಗೆ ಬರೆದೆ. ಕಾಯುವುದು ನನಗೆ ಹೊಸದಲ್ಲ, ಕಾದೆ. ಕೊನೆಗೆ ಕರೆ ಬಂತು, ಸಾವಂತ್ರಮ್ಮನನ್ನೂ ಕರೆದುಕೊಂಡು ಹೋದೆ.

ಸಮಿತಿಯ ಅಧ್ಯಕ್ಷರು ಶೇಷಗಿರಿಯಪ್ಪ ಎಂಬ ಹಿರಿಯ ವಕೀಲರು, ನ್ಯಾಯವಂತರು. ವರದಿಯನ್ನು ಹಾಕಿಸಿ ನೋಡಿದರು. ಹೇಳಿದ್ದು ನಿಜವೆ, ಆಕೆಯ ಒಪ್ಪಿಗೆ ಇತ್ತೆ, ಆಕೆಯ ಮಾತು ಕೇಳಿದಿರಾ ಎಂದು ವಾಹಿನಿಯ ಪರವಾಗಿ ಬಂದಿದ್ದ ರೋಹಿತಾಶ್ವನನ್ನು ಪ್ರಶ್ನಿಸಿದರು. ಅವನು ಎಲ್ಲಕ್ಕೂ ಇಲ್ಲವೆಂದು ಒಪ್ಪಿಕೊಂಡ.

"ತಪ್ಪು ನಿಮ್ಮದೇ. ಕ್ಷಮೆ ಪ್ರಸಾರ ಮಾಡಿ," ಎಂದರು.

ರೋಹಿತಾಶ್ವ ತಯಾರಾಗಿಯೇ ಬಂದಿದ್ದ. ಗುಂಡಿ ಒತ್ತಿದ. ಅಲ್ಲಿನ ಪರದೆಯಲ್ಲಿ ಯಾವುದೋ ಹಾಡಿನ ದೃಶ್ಯದ ಕೆಳಗೆ ಕ್ಷಮೆಯ ಅಕ್ಷರಗಳು ಓಡಿದವು. ನಾನು ಗಟ್ಟಿಯಾಗಿ ಓದತೊಡಗಿದೆ: "ಅವರೆಕಾಳಿನ ವರದಿಯಲ್ಲಿ ತೋರಿಸಲಾದ ಮಹಿಳೆಗೂ..." ಅಷ್ಟರಲ್ಲಿ ಸಾಲು ಮುಗಿದೇ ಹೋಯಿತು.

"ಮತ್ತೆ ಬರುತ್ತೆ ಅಜ್ಜಿ," ಎಂದ ರೋಹಿತಾಶ್ವ.

"ಬರಲಿ ಬಿಡಪ್ಪ. ತಪ್ಪನ್ನ ಬಾಯಲ್ಲಿ ಹೇಳಿದ್ರಿ. ತಪ್ಪಾಯ್ತು ಅನ್ನೋದನ್ನ ಮಾತ್ರ ಯಾಕೆ ಕಾಲ ಕೆಳಗೆ ಓಡಿಸ್ತೀರಿ?"

"ನಿಯಮದಲ್ಲಿ ಕ್ಷಮೆ ಪ್ರಸಾರ ಆಗ್ಬೇಕು ಅಂತಷ್ಟೇ ಇದೆ ಕಣಮ್ಮ," ಎಂದರು ಅಧ್ಯಕ್ಷರು. ದೂರು ಇತ್ಯರ್ಥವಾಯಿತೆಂಬ ಹಾಳೆಯನ್ನು ನನ್ನತ್ತ ಸರಿಸಿದರು.

ನಾನು ಪೆನ್ನು ಮುಟ್ಟಲಿಲ್ಲ. "ಅದೇ ಹುಡುಗಿ, ಅದೇ ಹೊತ್ತಿಗೆ, ಅಷ್ಟೇ ಗಟ್ಟಿಯಾಗಿ ಹೇಳ್ಲಿ. ಅಲ್ಲೀವರೆಗೂ ಇದು ಇತ್ಯರ್ಥ ಆಗಲ್ಲ ಸ್ವಾಮಿ. ಬೇಕಾದ್ರೆ ಇಲ್ಲೇ ಕೂತಿರ್ತೀನಿ, ನಂಗೇನು ಅವಸರ ಇಲ್ಲ."

ಅವರು ಸಾವಂತ್ರಮ್ಮನ ಕಡೆ ತಿರುಗಿದರು. "ನೀವೇ ಹೇಳಿ. ನಿಮಗಿಷ್ಟು ಸಾಲದೆ?"

ಅವಳು ಸೆರಗು ಸರಿಮಾಡಿಕೊಂಡಳು. "ನಂಗೆ ಯಾಕೆ ಬುದ್ಧೀ? ನಾ ಬಣ್ಣ ಹಾಕಿಲ್ಲ ಅನ್ನೋದು ನಂಗೆ ಗೊತ್ತು. ಗೊತ್ತಾಗ್ಬೇಕಿರೋದು ಸಂತೆಯೋರಿಗೆ. ಅವರೂ ನನ್ನಂಗೇ, ಓದಕ್ಕೆ ಬರಲ್ಲ."

ಅಧ್ಯಕ್ಷರು ಹಾಳೆಯನ್ನು ಹಿಂದಕ್ಕೆ ಎಳೆದುಕೊಂಡು, ಬರೆದದ್ದನ್ನು ಹೊಡೆದುಹಾಕಿ ಹೊಸದಾಗಿ ಬರೆದರು. "ಇದು ವಾಡಿಕೆಯಲ್ಲ ಸಾರ್," ಎಂದು ರೋಹಿತಾಶ್ವ ಗೊಣಗಿದ.

"ಇವತ್ತಿಂದ ಮಾಡ್ಕೊಳ್ಳಿ," ಎಂದರು ತಲೆಯೆತ್ತದೆ.

ಆ ವಾರ, ಅದೇ ಹೊತ್ತಿಗೆ, ಹುಡುಗಿ ಪರದೆಯ ಮೇಲೆ ಬಂದಳು. ಸಾವಂತ್ರಮ್ಮನ ಹೆಸರು ಹಿಡಿದು, ತಪ್ಪು ನಮ್ಮದು ಎಂದು ಶುರುಮಾಡಿದಳು. ನಮ್ಮ ಮನೆಯಲ್ಲಿ ನನ್ನ ಪಕ್ಕ ಕೂತಿದ್ದ ಸಾವಂತ್ರಮ್ಮ ಎದ್ದು ಹೋಗಿ ಸದ್ದನ್ನು ಪೂರ್ತಿ ಏರಿಸಿದಳು. ಬೀದಿಯ ಬಾಗಿಲನ್ನು ಹಾರುಹೊಡೆದು ಹೊಸ್ತಿಲ ಮೇಲೆ ಕೂತಳು. ಟೀವಿಯ ಕಡೆ ಒಮ್ಮೆಯೂ ತಿರುಗಲಿಲ್ಲ. ಬೀದಿಯಲ್ಲಿ ನಡೆಯುತ್ತಿದ್ದವರು ಒಬ್ಬೊಬ್ಬರಾಗಿ ನಿಂತರು. ಅವಳು ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಕೂತಿದ್ದಳು.