ಮೂಡಣ ತೊಲೆ

ಊರವರು ನೇಯ್ ಔಟಿ ಎನ್ನುವ ಕೃತ್ತಿಕೆಯ ಚುಕ್ಕಿಗೊಂಚಲು ಸಂಜೆಯ ಹೊತ್ತು ಮೂಡತೊಡಗಿದ ಮೇಲಿನ ಮೊದಲ ಹುಣ್ಣಿಮೆಯ ದಿನ, ಸೂರ್ಯ ಪಡುವಣ ಹವಳದ ದಂಡೆಗಿಂತ ಒಂದು ಗೇಣು ಮೇಲಿದ್ದಾಗ, ತೆಬೋರಾ ದೋಣಿಕೊಟ್ಟಿಗೆಗೆ ಹೋಗಿ ಚುಕ್ಕಾಣಿಯ ಹುಟ್ಟನ್ನು ಎತ್ತಿಕೊಂಡು ಬಂದಳು. ಹಳೆಯ ಚಾವಡಿಯ ಮುರುಕು ಸೂರಿನ ಎದುರು, ಅಪ್ಪ ಕೂರುತ್ತಿದ್ದ ಜಾಗದಲ್ಲೇ ಕೂತು, ಹುಟ್ಟನ್ನು ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡಳು. ಮರುದಿನ ಬೆಳಗ್ಗೆ ಆ ದೋಣಿ ತಮಾನಾ ದ್ವೀಪಕ್ಕೆ ಹೊರಡುವುದಿತ್ತು. ಅದರಲ್ಲಿ ಅವಳ ಒಬ್ಬನೇ ಮಗ ಕಬೂನಾನೂ ಹೋಗುವವನಿದ್ದ.

ಸುದ್ದಿ ಮುಟ್ಟಿದ ಕೂಡಲೇ ಬಾಕೇವಾ ಬಂದ. ಅವರ ಒನೊತೋವಾ ದ್ವೀಪದಲ್ಲಿ ಈಗ ದೋಣಿ ನಡೆಸುವವನು ಅವನೇ. ಹಳೆಯ ಚಾವಡಿಯ ಮಾಡು ಬಿರುಗಾಳಿಗೆ ಹಾರಿ, ನಡುಗಂಬವೂ ಮೂಡಲ ಬದಿಯ ಕಂಬ, ತೊಲೆಗಳೂ ಮಾತ್ರ ಉಳಿದ ಮೇಲೆ ಪಕ್ಕದಲ್ಲೇ ಹೊಸದನ್ನು ಕಟ್ಟಿಸಿದವನೂ ಅವನೇ. ಹೊಸ ಚಾವಡಿಯ ಔತಣಕ್ಕೆ ತಮಾನಾದ ನೆಂಟರನ್ನು ಕರೆತರುವ ಆತುರದಲ್ಲಿದ್ದ.

"ಅಕ್ಕಾ, ಹುಟ್ಟು ಕೊಡು. ಇದೇನು ಮಕ್ಕಳಾಟ?"

"ಆಟ ಆಡ್ತಿರೋನು ನೀನು. ಅದೂ ನನ್ ಮಗನ ಜೀವ ಪಣಕ್ಕಿಟ್ಟು. ಕಡಲು ಮುಚ್ಚಿದೆ ಕಣೋ."

"ನೀನು ಮುಚ್ಚು ಅಂದ್ರೆ ಮುಚ್ಚೋಕೆ ಅದೇನು ನಿನ್ ಮನೆ ಗಡಿಗೆನಾ?"

ಬಾಕೇವಾನ ಹಿಂದೆ ನಿಂತಿದ್ದ ಹುಡುಗರು ನಕ್ಕರು. ಕಬೂನಾ ಮಾತ್ರ ತಲೆ ತಗ್ಗಿಸಿದ.

ಅವರ ನಾಡಿನಲ್ಲಿ ಆಕಾಶವನ್ನು ಹಗಲಲ್ಲಿ, ಮಾಡಿನಡಿ ಕೂತು ಕಲಿಯುತ್ತಿದ್ದರು. ಕೇದಗೆ ಗರಿ ಹೊದಿಸಿದ ಚಾವಡಿಯ ಮಾಡೇ ಆಕಾಶ. ಅದರ ತೊಲೆಗಳೂ ಪಕಾಸಿಗಳೂ ನಕ್ಷತ್ರಗಳ ಬೀದಿಗಳು. ನಡುಗಂಬಕ್ಕೆ ಬೆನ್ನು ಕೊಟ್ಟು ಕೂತು ಮೂಡಲ ಸೂರಿನ ತೊಲೆಯನ್ನು ನೋಡಬೇಕು. ಸಂಜೆ ಅಂಗೈ ಗೆರೆ ಕಣ್ಣಿಗೆ ಕಾಣದಾಗುವ ಹೊತ್ತಿಗೆ ಸರಿಯಾಗಿ, ದಿನದಿಂದ ದಿನಕ್ಕೆ ಮೇಲೇರುವ ನೇಯ್ ಔಟಿಯ ಚುಕ್ಕಿಗೊಂಚಲು ಆ ತೊಲೆಯನ್ನು ಮುಟ್ಟಿದರೆ ಕಡಲು ಮುಚ್ಚಿತು ಎಂದರ್ಥ. ಪಡುವಣ ಗಾಳಿ ಯಾವ ಗಳಿಗೆಯಲ್ಲಾದರೂ ತಿರುಗಿ ಬೀಳಬಹುದು. ಆಮೇಲೆ ದೋಣಿ ಇಳಿಸುವಂತಿಲ್ಲ. ಇದನ್ನು ತೆಬೋರಾಳ ಅಪ್ಪ ತನ್ನ ಶಿಷ್ಯ ಬಾಕೇವಾನಿಗೆ ಕಲಿಸಿದ್ದ. ಮೂಲೆಯಲ್ಲಿ ಚಾಪೆ ಹೆಣೆಯುತ್ತಿದ್ದ ತೆಬೋರಾ ಕೇಳಿಸಿಕೊಂಡಿದ್ದಳು.

ಅಷ್ಟರಲ್ಲಿ ಹಿರಿಯ ರೊಬಾ ಕೋಲೂರಿಕೊಂಡು ಬಂದ. ಊರಿನಲ್ಲಿ ಕೊನೆಯ ಮಾತು ಅವನದು.

"ಏನಮ್ಮ ಇದು ರಂಪ?"

"ತಾತ, ಐದು ದಿನದ ಹಿಂದೆ, ಈ ಮೋಡ ಕವಿಯೋಕೆ ಮುಂಚೆ ನಾನು ಇಲ್ಲೇ ಕೂತು ನೋಡಿದೀನಿ. ಆಗ್ಲೇ ಔಟಿ ತೊಲೆಗೆ ಒಂದೇ ಬೆರಳು ಕಮ್ಮಿ ಇತ್ತು. ಈಗ ದಾಟಿರ್ತಾಳೆ."

"ಅವತ್ತೇ ನಾನೂ ನೋಡಿದೀನಿ, ನಮ್ ಚಾವಡೀಲಿ," ಎಂದ ಬಾಕೇವಾ. "ಒಂದು ಅಂಗೈ ಕಮ್ಮಿ ಇತ್ತು. ಹೋಗಿ ಬರೋಕೆ ಬೇಕಾದಷ್ಟು ಕಾಲ ಇದೆ. ಇವಳು ನೋಡೋದು ಮೀನು ಒಣಗಿಸೋ ಮುರುಕಲು ತೊಲೇಲಿ. ನಂದು ಮಂತ್ರ ಹೇಳಿ ಏರಿಸಿದ ತೊಲೆ."

"ಮಂತ್ರ ತೊಲೆಗೆ ಹೇಳಿದ್ಯೋ, ಔಟಿಗೆ ಹೇಳಿದ್ಯೋ?"

ರೊಬಾ ಕೈಯೆತ್ತಿ ಇಬ್ಬರನ್ನೂ ಸುಮ್ಮನಿರಿಸಿದ. "ಇವತ್ತಂತೂ ನೋಡೋ ಹಾಗಿಲ್ಲ. ಹುಣ್ಣಿಮೆ. ಅಂಗೈ ಗೆರೆ ಮಾಯ ಆಗೋದೇ ಇಲ್ಲ, ಆ ಬೆಳಕಲ್ಲಿ ಸಣ್ಣ ಚುಕ್ಕಿಗಳು ಕಾಣೋದೂ ಇಲ್ಲ. ಹುಟ್ಟು ಕೊಟ್ಟುಬಿಡಮ್ಮ."

"ಕೊಡಲ್ಲ ತಾತ."

ಹಿರಿಯನಿಗೆ ಹಾಗೆ ಎದುರು ಹೇಳಿದ ಹೆಂಗಸನ್ನು ಅವರ್‍ಯಾರೂ ಕಂಡಿರಲಿಲ್ಲ. ಬಾಕೇವಾ ಹುಟ್ಟಿನ ಒಂದು ತುದಿ ಹಿಡಿದ. ತೆಬೋರಾ ಇನ್ನೊಂದು ತುದಿ ಬಿಡಲಿಲ್ಲ. ಎಳೆದಾಟ ನಡೆದಿರುವಾಗಲೇ ಸೂರ್ಯ ಮುಳುಗಿದ. ಅತ್ತ ಮೂಡಲ ದಂಡೆಯಿಂದ ಯಾರೋ ಕಿರುಚಿದರು.

ಚಂದ್ರ ಹುಟ್ಟಿದ್ದ, ಆದರೆ ಆಗಲೇ ಮುಕ್ಕಾಲು ಪಾಲು ಕಪ್ಪಾಗಿದ್ದ. ಉಳಿದ ಅಂಚು ಉಗುರಿನಷ್ಟು ಬೆಳ್ಳಗಿತ್ತು.

ಬಾಕೇವಾನ ಕೈ ಹುಟ್ಟಿನಿಂದ ತಾನಾಗಿ ಜಾರಿತು. ಸಾಯುತ್ತಿರುವ ಚಂದ್ರನನ್ನು ನೋಡಬಾರದು, ನೋಡಿದವರ ಕಣ್ಣನ್ನು ಅವನು ಜೊತೆಗೆ ಒಯ್ಯುತ್ತಾನೆ ಎಂಬುದು ಆ ಊರಿನ ನಂಬಿಕೆ. ಎಲ್ಲರೂ ಹೊಸ ಚಾವಡಿಗೆ ಓಡಿದರು. ಹೆಂಗಸರು ಮೂಡಲ ಬದಿಗೆ ಚಾಪೆಗಳನ್ನು ಇಳಿಬಿಟ್ಟರು. ಗಂಡಸರು ಮರದ ಪೆಟ್ಟಿಗೆ ಬಡಿಯುತ್ತ ಚಂದ್ರನನ್ನು ಕರೆಯುವ ಹಾಡು ಎತ್ತಿದರು.

ತೆಬೋರಾ ಏಳಲಿಲ್ಲ. ಧೈರ್ಯವೇನೂ ಇರಲಿಲ್ಲ. ಆದರೆ ಕತ್ತಲು ಕವಿಯುತ್ತ ಬಂದಂತೆ ಅವಳಿಗೆ ಒಂದು ವಿಷಯ ಹೊಳೆಯಿತು. ಬೆಳದಿಂಗಳು ಸತ್ತರೆ ಇವತ್ತೂ ಉಳಿದ ದಿನಗಳಂತೆಯೇ ಒಂದು ದಿನ. ಅವಳು ಅಂಗೈಯನ್ನು ಕಣ್ಣಿನ ಮುಂದೆ ಹಿಡಿದಳು. ಗೆರೆಗಳು ಕಂಡವು. ಕಾದಳು. ಚಂದ್ರನ ಬೆಳ್ಳಂಚು ಕರಗಿ, ಒಣಗಿದ ಕೇದಗೆ ಹಣ್ಣಿನ ಬಣ್ಣದ ಒಂದು ಉಂಡೆ ಉಳಿಯಿತು. ಅಂಗೈ ಗೆರೆಗಳು ಮಾಯವಾದವು.

ಕಂಬಕ್ಕೆ ಬೆನ್ನು ಒತ್ತಿ ತಲೆಯೆತ್ತಿದಳು.

"ಅಮ್ಮಾ!" ಕಬೂನಾ ಕಣ್ಣಿಗೆ ಕೈ ಅಡ್ಡ ಹಿಡಿದು ತಡವರಿಸುತ್ತ ಬಂದ. "ಒಳಗ್ ಬಾ, ಕೈ ಮುಗೀತೀನಿ."

"ಕೈ ತೆಗಿ ಮಗಾ. ಇಲ್ಲಿ ಕೂತ್ಕೊ. ತೊಲೆ ನೋಡು."

"ಕಣ್ಣು ಹೋಗತ್ತೆ..."

"ನಂದು ಹೋಯ್ತಾ? ನಿನ್ನೇ ನೋಡ್ತಾ ಇದೀನಿ. ಮೂಗು ಸುರೀತಿದೆ, ಒರೆಸ್ಕೊ."

ಅವನು ಮೊದಲು ಮೂಗು ಒರೆಸಿಕೊಂಡ. ಆಮೇಲೆ ಒಂದು ಕಣ್ಣು ತೆರೆದ, ಆಮೇಲೆ ಇನ್ನೊಂದು. ಕೆಂಪಾದ ಚಂದ್ರನ ಮೇಲುಗಡೆ, ಹುಣ್ಣಿಮೆಯಂದು ಯಾರೂ ಕಾಣದ ಚುಕ್ಕಿಗೊಂಚಲು ನಿಚ್ಚಳವಾಗಿತ್ತು. ತೊಲೆಯ ಕೆಳಗಲ್ಲ, ಮೇಲೆ.

"ದಾಟಿದಾಳೆ," ಎಂದ ಕಬೂನಾ ಪಿಸುದನಿಯಲ್ಲಿ. ಮರುಗಳಿಗೆಗೆ ಎದ್ದು ಹೋಗಿ ಹೊಸ ಚಾವಡಿಯ ಒಂದು ಚಾಪೆಯನ್ನು ಎತ್ತಿ ಹಿಡಿದು ಕೂಗಿದ: "ದಾಟಿದಾಳೆ! ನಾನು ನಾಳೆ ಬರಲ್ಲ!"

ಹಾಡು ನಿಂತಿತು. ಒಳಗಿನಿಂದ ಬಾಕೇವಾನ ದನಿ ಬಂತು. "ಬೆಳಗಾಗೋದ್ರಲ್ಲಿ ತಾಯಿ ಮಗ ಇಬ್ರೂ ಕುರುಡಾಗಿರ್ತೀರ."

"ಆದ್ರೆ ಆಗ್ತೀನಿ," ಎಂದಳು ತೆಬೋರಾ. "ಚಾಪೆ ಹೆಣೆಯೋಕೆ ಕಣ್ಣು ಬೇಡ. ಚುಕ್ಕಾಣಿ ಹಿಡಿಯೋಕೆ ಬೇಕು. ಕಡಲು ದಾಟೋ ಗಂಡಸು, ಚಾಪೆ ದಾಟಿ ಬರೋಕಾಗಲ್ವೇನೋ?"

ಮೊದಲು ಬಂದವನು ಬಾಕೇವಾ ಅಲ್ಲ, ರೊಬಾ. "ಈ ವಯಸ್ಸಲ್ಲಿ ಇನ್ನೆಷ್ಟು ದಿನದ ಕಣ್ಣು ನಂದು," ಎಂದು ಗೊಣಗುತ್ತ ಕಂಬಕ್ಕೆ ಒರಗಿ ಕೂತ. ಕಣ್ಣು ಕಿರಿದಾಗಿಸಿ ನೋಡಿದ.

"ಮೇಲಿದೆ," ಎಂದ.

ಬಾಕೇವಾ ತನ್ನ ನಡುಗಂಬದ ಬಳಿಯಿಂದಲೇ, ಎತ್ತಿದ ಚಾಪೆಯ ಸಂದಿನಿಂದ ಇಣುಕಿದ. ಅವನು ಸುಳ್ಳು ಹೇಳುವವನಲ್ಲ. "ಇಲ್ಲಿಂದ ಕೆಳಗಿದೆ ತಾತ. ಆಣೆ ಮಾಡಿ ಹೇಳ್ತೀನಿ."

"ಆಣೆ ಯಾಕೋ? ನಿನ್ ತೊಲೆಗೆ ಕೆಳಗೇ ಇದೆ," ಎಂದಳು ತೆಬೋರಾ. "ಅಪ್ಪನ ಸೂರು ಎಷ್ಟು ತಗ್ಗಿತ್ತು ಅಂದ್ರೆ, ಹಿರಿಯರೂ ಬಾಗಿ ನುಸುಳಿ ಒಳಗೆ ಬರ್ತಿದ್ರು. ನಿನ್ ಚಾವಡಿಗೆ ಯಾರಾದ್ರೂ ಬಾಗಿ ಬರ್ತಾರಾ?"

ಬಾಕೇವಾ ತಲೆಯೆತ್ತಿ ತನ್ನ ಸೂರನ್ನು ನೋಡಿದ. ನೆಂಟರು ತಲೆಯೆತ್ತಿ ನಡೆದು ಬರಲೆಂದು ಕಂಬಗಳನ್ನು ಎತ್ತರಿಸಿದವನು ಅವನೇ. ಹಾಗೆ ಮಾಡಿದ್ದಕ್ಕೆ ಬೆನ್ನುನೋವಿನ ರೊಬಾ ಅವನನ್ನು ಊರೆಲ್ಲ ಹೊಗಳಿಕೊಂಡು ತಿರುಗಿದ್ದ. ಈಗ ಮುದುಕ ಬೆನ್ನು ಸವರಿಕೊಂಡ. ಕೂರುವ ಜಾಗಕ್ಕೂ ಸೂರಿಗೂ ನಡುವಿನ ದೂರವನ್ನು ಹಳೆಯದರಂತೆಯೇ ಇಟ್ಟು, ತೊಲೆಗಳಿಗೆ ಹಳೆಯ ಹೆಸರುಗಳನ್ನೇ ಇಟ್ಟು, ಎತ್ತರವೊಂದನ್ನು ಬದಲಿಸಿದರೆ ಆಕಾಶವೂ ಜೊತೆಗೆ ಏರುತ್ತದೆ ಎಂದು ಅವರೆಲ್ಲ ನಂಬಿದ್ದರು.

"ಅಳೀರಿ," ಎಂದ ರೊಬಾ.

ಚಂದ್ರನ ಅಂಚು ಮತ್ತೆ ಬೆಳ್ಳಗಾಗುವಷ್ಟರಲ್ಲಿ ಬಾಕೇವಾ ತಾನೇ ನಾರಿನ ಹುರಿ ತಂದು ಎರಡೂ ಚಾವಡಿಗಳ ಮೂಡಲ ಬದಿಯ ಕಂಬಗಳಿಗೆ ಹಿಡಿದ. ಕಬೂನಾ ಗಂಟು ಹಾಕಿದ. ತೆಬೋರಾ ಹುಟ್ಟನ್ನು ತೊಡೆಯಿಂದ ಕೆಳಗಿಳಿಸದೆ ಕೂತೇ ಇದ್ದಳು.

ಹೊಸ ಕಂಬ ಹಳೆಯದಕ್ಕಿಂತ ಒಂದು ಮೊಳ ಮೂರು ಬೆರಳು ಎತ್ತರವಿತ್ತು.