ನಿಮಿಷಕ್ಕೆ ಅರವತ್ತೆರಡು

ಸಿಗ್ರುನ್ ಎರಡನೇ ಲೋಟ ಕಾಫಿ ಹಿಡಿದು ಕಂಪ್ಯೂಟರಿನ ಮುಂದೆ ಕೂತಾಗ ಬೆಳಿಗ್ಗೆ ಹತ್ತು ಗಂಟೆ. ನಾರ್ವೆಯ ಉತ್ತರದ ಬೂಡೊ ಊರಿನಲ್ಲಿ ಡಿಸೆಂಬರಿನಲ್ಲಿ ಬೆಳಕು ಹರಿಯುವುದೇ ತಡ; ಆ ಹೊತ್ತಿಗೂ ಮನೆಮನೆಯ ಕಿಟಕಿಯಲ್ಲಿ ದೀಪ ಉರಿಯುತ್ತಿತ್ತು. ಕೆಲಸ ಶುರುಮಾಡುವ ಮೊದಲು ಅವಳು ತೆರಿಗೆ ಇಲಾಖೆಯ ತಾಣ ತೆರೆದಳು. ವರ್ಷಕ್ಕೊಮ್ಮೆ ಅಲ್ಲಿ ಊರವರೆಲ್ಲರ ಆದಾಯ ಬಯಲಿಗೆ ಬರುತ್ತದೆ. ಯಾರು ಯಾರದನ್ನು ಬೇಕಾದರೂ ನೋಡಬಹುದು. ಆದರೆ ನೋಡಿದವರ ಹೆಸರು ನೋಡಿಸಿಕೊಂಡವರಿಗೆ ತಿಳಿದುಹೋಗುತ್ತದೆ. ಅದಕ್ಕೇ ಮರ್ಯಾದಸ್ಥರು ಆ ಗೊಡವೆಗೆ ಹೋಗುವುದಿಲ್ಲ.

ಇಷ್ಟು ವರ್ಷ ಸಿಗ್ರುನ್‌ಳ ಆದಾಯವನ್ನು ಯಾರೂ ಹುಡುಕಿರಲಿಲ್ಲ. ಈ ಸಲ ಒಂದು ಹೆಸರಿತ್ತು. ಮಾರೆನ್ ಎಲ್ವೆಬಾಕ್.

ಯಾರೋ ಒದ್ದೆ ಕೈಯನ್ನು ತನ್ನ ಒಳಜೇಬಿಗೆ ಹಾಕಿ ತಡಕಿದ ಹಾಗಾಯಿತು ಅವಳಿಗೆ. ಕಾಫಿಯ ಲೋಟವನ್ನು ಪಕ್ಕಕ್ಕಿಟ್ಟಳು.

ಹೆಸರು ಗೊತ್ತಿದ್ದದ್ದೇ. ಇಬ್ಬರೂ ಒಂದೇ ಆನ್‌ಲೈನ್ ಕಂಪನಿಗೆ ಮನೆಯಲ್ಲೇ ಕೂತು ಕೆಲಸ ಮಾಡುವವರು. ಒಂದು ಇಂಗ್ಲಿಷ್ ಪತ್ತೇದಾರಿ ಧಾರಾವಾಹಿಗೆ ಪರದೆಯ ಕೆಳಗೆ ಮೂಡುವ ಅಡಿಬರಹವನ್ನು ನಾರ್ವೇಜಿಯನ್ ಭಾಷೆಯಲ್ಲಿ ಬರೆಯುತ್ತಿದ್ದರು; ಒಂದು, ಮೂರು, ಐದನೇ ಕಂತುಗಳು ಸಿಗ್ರುನ್‌ಗೆ, ಎರಡು, ನಾಲ್ಕು, ಆರು ಮಾರೆನ್‌ಗೆ. ಊರು ಒಂದೇ ಆದರೂ ಮುಖ ನೋಡಿದವರಲ್ಲ. ಕಂಪನಿಯ ತಾಣದಲ್ಲಿ ಒಬ್ಬೊಬ್ಬರಿಗೂ ಒಂದು ಪುಟ, ಪುಟದಲ್ಲಿ ಕಂತಿನ ಒಂದು ನಿಮಿಷಕ್ಕೆ ಇಷ್ಟು ಎಂದು ದರ ಬರೆಯುವ ಜಾಗ. ತೋರಿಸಬಹುದು, ಮುಚ್ಚಿಡಬಹುದು. ಕೆಲಸ ಹಂಚುವ ವೇಗಾರ್ ಮಾತ್ರ ಎಲ್ಲರಿಗೂ "ಮುಚ್ಚಿಡಿ, ಅದು ನಿಮ್ಮ ಖಾಸಗಿ ವಿಷಯ" ಎನ್ನುತ್ತಿದ್ದ. ಎಲ್ಲರೂ ಮುಚ್ಚಿಟ್ಟಿದ್ದರು. ಆ ಸಭ್ಯತೆ ಸಿಗ್ರುನ್‌ಗೂ ಹಿಡಿಸಿತ್ತು.

ಅವಳು ಮಾರೆನ್‌ಳ ನಂಬರ್ ಹುಡುಕಿ ಫೋನ್ ಮಾಡಿದಳು.

"ನೀವು ಫೋನ್ ಮಾಡ್ತೀರ ಅಂತ ಗೊತ್ತಿತ್ತು," ಎಂದಿತು ಆ ಕಡೆಯ ದನಿ. "ಲೈಬ್ರರಿಯ ಕಾಫಿ ಅಂಗಡೀಲಿ ಸಿಗ್ತೀನಿ. ಬೈಯೋದಾದ್ರೆ ಎದುರಿಗೇ ಬೈದುಬಿಡಿ."

ಮಾರೆನ್‌ಗೆ ಮೂವತ್ತು ದಾಟಿರಲಿಲ್ಲ. ಪಕ್ಕದ ತಳ್ಳುಗಾಡಿಯಲ್ಲಿ ಮಗು ನಿದ್ದೆ ಹೋಗಿತ್ತು. ಅಂಗಡಿಯಾತ ಕೇಳದೆಯೇ ಬಂದು ಹಾಲಿನ ಬಾಟಲಿಯನ್ನು ಬಿಸಿಮಾಡಲು ಒಯ್ದ. ಸಿಗ್ರುನ್ ಕುರ್ಚಿ ಎಳೆಯುತ್ತಿದ್ದಂತೆ ಮಾರೆನ್, "ಆ ಕಡೆ ಬೇಡ, ದೀಪ ನಿಮ್ಮ ಕಣ್ಣಿಗೆ ಹೊಡಿಯುತ್ತೆ, ಇಲ್ಲಿ ಕೂತ್ಕೊಳ್ಳಿ," ಎಂದು ತನ್ನ ಜಾಗ ಬಿಟ್ಟುಕೊಟ್ಟಳು.

ಸಿಗ್ರುನ್ ಕೂತಳು, ಆದರೆ ಕರಗಲಿಲ್ಲ. "ಇನ್ನೊಬ್ಬರ ಜೇಬು ತಡಕೋಕೆ ನಿನಗೆ ಹೇಸಿಗೆ ಆಗಲಿಲ್ವಾ?"

"ಹೇಸಿಗೆ ಆಯ್ತು. ಹೆಸರು ಬಿದ್ದೇ ಬೀಳುತ್ತೆ ಅಂತ ಗೊತ್ತಿದ್ದೂ ನೋಡಿದೆ. ಬಾಯಿಬಿಟ್ಟು ಕೇಳಿದ್ರೆ ಯಾರೂ ಹೇಳಲ್ಲ. ವೇಗಾರ್‌ನ ಕೇಳಿದ್ರೆ, ಎಲ್ರಿಗೂ ಹೆಚ್ಚುಕಮ್ಮಿ ಇಷ್ಟೇ ಅಂತಾನೆ."

"ಇರಬಹುದು."

"ಇಲ್ಲ. ಹೋದ ವರ್ಷ ನೀವು ಎಷ್ಟು ಕಂತು ಮಾಡಿದ್ರಿ ಅಂತ ನಂಗೊತ್ತು, ಮಿಕ್ಕಿದ್ದನ್ನ ನಾನೇ ತಾನೆ ಮಾಡಿದ್ದು. ನಿಮ್ಮ ಆದಾಯಾನ ಭಾಗಿಸಿ ನೋಡಿದೆ. ತಪ್ಪಿರಬೇಕು ಅಂತ ಮತ್ತೆ ಭಾಗಿಸಿದೆ. ನಂಗೆ ನಿಮಿಷಕ್ಕೆ ಇಪ್ಪತ್ತೇಳು ಕ್ರೋನ ಕೊಡ್ತಾರೆ."

ಸಿಗ್ರುನ್‌ಗೆ ಅರವತ್ತೆರಡು ಬರುತ್ತಿತ್ತು. ಅವಳು ಅದನ್ನು ಹೇಳಲಿಲ್ಲ. "ನಾನು ಹನ್ನೊಂದು ವರ್ಷದಿಂದ ದುಡೀತಿದೀನಮ್ಮ. ಅನುಭವಕ್ಕೆ ಬೆಲೆ ಬೇಡ್ವಾ?"

"ಬೇಕು. ಇಷ್ಟೊಂದಾ?"

"ಹಾಗಿದ್ರೆ ನೀನೇ ಜಾಸ್ತಿ ಕೇಳಬೇಕಿತ್ತು."

"ಎಷ್ಟು ಅಂತ ಕೇಳ್ಲಿ? ಕಣ್ಣಿಗೆ ಬಟ್ಟೆ ಕಟ್ಟಿ ಮೀನಿನ ಅಂಗಡಿಗೆ ಕಳಿಸಿ, ಹೋಗು ಚೌಕಾಸಿ ಮಾಡು ಅಂದ ಹಾಗಾಯ್ತು." ಮಾರೆನ್ ನಗಲು ನೋಡಿದಳು. "ಈ ಬೆಲೇಲಿ ಮಗೂನ ಶಿಶುವಿಹಾರಕ್ಕೆ ಬಿಟ್ಟು ಕೆಲಸ ಮಾಡಿದ್ರೂ ಅಷ್ಟೇ, ಮಾಡದಿದ್ರೂ ಅಷ್ಟೇ. ಜನವರೀಲಿ ಬಿಟ್ಟುಬಿಡ್ತೀನಿ. ಬಿಡೋ ಮುಂಚೆ, ತಪ್ಪು ನನ್ನ ಕೆಲಸದಲ್ಲಿದೆಯಾ ಅಂತ ತಿಳೀಬೇಕಿತ್ತು."

ಸಿಗ್ರುನ್ ತಟ್ಟೆಯಲ್ಲಿದ್ದ ಕಂದು ಚೀಸಿನ ವಾಫಲ್ ತಿಂಡಿಯನ್ನು ಮುರಿದಳು. "ದೀಪ ನನ್ನ ಕಣ್ಣಿಗೆ ಹೊಡಿಯುತ್ತೆ ಅಂತ ನಿನಗೆ ಹೇಗೆ ಗೊತ್ತಾಯ್ತು?"

ಹುಡುಗಿ ಸಂಕೋಚಪಟ್ಟಳು. "ನನ್ನ ಕಂತು ಶುರುಮಾಡೋ ಮುಂಚೆ ನಿಮ್ಮದು ನೋಡ್ತೀನಲ್ಲ. ಬೇಸಿಗೆಯಿಂದ ನಿಮ್ಮ ಸಾಲುಗಳು ಮಾತಿಗಿಂತ ಚೂರು ತಡವಾಗಿ ಬೀಳ್ತಿದ್ವು. ನಮ್ಮಜ್ಜಿಗೆ ಕಣ್ಣಿಗೆ ಪೊರೆ ಬಂದಾಗ ಹೀಗೇ ಎಲ್ಲ ಕೆಲಸಾನೂ ನಿಧಾನ ಆಗಿತ್ತು, ದೀಪ ಕಂಡ್ರೆ ಆಗ್ತಿರಲಿಲ್ಲ. ನಿಮಗೂ ಹಾಗೇ ಇರಬೇಕು ಅಂದ್ಕೊಂಡೆ. ಸರಿಮಾಡಿ ಇಡ್ತೀನಿ. ವೇಗಾರ್‌ಗೆ ಹೇಳಿಲ್ಲ."

ಸಿಗ್ರುನ್ ಕೈಯಲ್ಲಿದ್ದ ತುಂಡನ್ನು ತಟ್ಟೆಗೆ ಹಾಕಿದಳು.

ಎರಡು ವರ್ಷದ ಹಿಂದಿನ ಒಂದು ಕರೆ ಅವಳಿಗೆ ನೆನಪಾಯಿತು. ಹೊಸಬರ ಮಾದರಿ ಕೆಲಸ ನೋಡಿಕೊಡಿ ಎಂದು ವೇಗಾರ್ ಕೇಳಿದ್ದ. ಮಾರೆನ್ ಚೆನ್ನಾಗಿ ಬರೆಯುತ್ತಾಳೆ ಎಂದಿದ್ದಳು ಸಿಗ್ರುನ್. "ಜಗಳಗಂಟಿಯಾ?" ಎಂದು ಅವನು ಕೇಳಿದಾಗ ನಕ್ಕಿದ್ದಳು. "ಅರ್ಜಿ ನೋಡಿಲ್ವಾ? ಬಸುರಿ ಹುಡುಗಿ, ಮನೇಲೇ ಕೆಲಸ ಬೇಕು ಅಂತಿದಾಳೆ. ಕೊಟ್ಟಷ್ಟು ತಗೋತಾಳೆ ಬಿಡು." ಮರುತಿಂಗಳು ಸಿಗ್ರುನ್‌ಳ ದರ ನಾಲ್ಕು ಕ್ರೋನ ಏರಿತ್ತು. ತನ್ನ ಇಷ್ಟು ವರ್ಷದ ಶ್ರಮಕ್ಕೆ ಸಿಕ್ಕಿದ್ದು ಎಂದುಕೊಂಡು ಅವಳು ಆ ದಿನ ಒಳ್ಳೆಯ ಮೀನು ತಂದು ಬೇಯಿಸಿದ್ದಳು. ಆ ನಾಲ್ಕು ಕ್ರೋನ ಯಾರ ಪಾಲಿನಿಂದ ಬಂದದ್ದೆಂದು ಈಗ ತಿಳಿಯಿತು. ಬೆಳಿಗ್ಗೆ ತನ್ನ ಜೇಬು ತಡಕಿದಂತೆನಿಸಿದ ಆ ಒದ್ದೆ ಕೈ ತನ್ನದೇ, ತಡಕಿದ್ದು ಮಾರೆನ್‌ಳ ಜೇಬನ್ನು.

"ಅರವತ್ತೆರಡು," ಎಂದಳು. "ನೀನು ಭಾಗಿಸಿದ್ದು ಸರಿ. ಕೊಟ್ಟಷ್ಟು ತಗೋತಾಳೆ ಅಂತ ನಿನ್ನ ಬಗ್ಗೆ ಹೇಳಿದವಳೂ ನಾನೇ."

ಮಾರೆನ್ ತಳ್ಳುಗಾಡಿಯ ಹೊದಿಕೆಯನ್ನು ಎಳೆದು ಸರಿಮಾಡಿದಳು. ಮಗು ಎದ್ದಿತು. ಅದನ್ನು ಎತ್ತಿಕೊಂಡು ಹೊರಡುವಾಗ, ಹಿಮ ಬಿದ್ದು ಜಾರುವ ಮೆಟ್ಟಿಲ ಬಳಿ ನಿಂತು ಸಿಗ್ರುನ್‌ಗೆ ತೋಳು ಕೊಟ್ಟಳು. ಮುಖ ಮಾತ್ರ ಬೇರೆ ಕಡೆಗಿತ್ತು.

ಮನೆಗೆ ಬಂದವಳೇ ಸಿಗ್ರುನ್ ತನ್ನ ಪುಟ ತೆರೆದು, ಮುಚ್ಚಿಟ್ಟಿದ್ದ ದರವನ್ನು ಎಲ್ಲರಿಗೂ ಕಾಣುವಂತೆ ಮಾಡಿದಳು. ವೇಗಾರ್‌ನ ಕರೆ ಬರಲು ಒಂದು ಗಂಟೆ ಹಿಡಿಯಿತು.

"ಸಿಗ್ರುನ್, ಏನೋ ತಪ್ಪಾಗಿ ಒತ್ತಿಬಿಟ್ಟಿದೀರ ಅನ್ಸುತ್ತೆ."

"ಸರಿಯಾಗೇ ಒತ್ತಿದೀನಪ್ಪ."

"ನಿಮ್ಮ ಒಳ್ಳೇದಕ್ಕೇ ಹೇಳ್ತೀನಿ. ಎಲ್ರೂ ಅರವತ್ತೆರಡು ಕೇಳಿದ್ರೆ ಕೊಡೋಕೆ ಗಿರಾಕಿಗಳು ಎಲ್ಲಿದಾರೆ? ಆಗ ಎಲ್ರಿಗೂ ಇಳಿಸಬೇಕಾಗುತ್ತೆ. ನಿಮಗೂ."

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಪಿಂಚಣಿಗೆ ಇನ್ನೂ ಆರು ವರ್ಷವಿತ್ತು. ಸಿಗ್ರುನ್ ಕಿಟಕಿಯ ದೀಪ ನೋಡುತ್ತ ನಿಂತಳು.

"ಇಳಿಸೋದಾದ್ರೆ ಎಲ್ರ ಕಣ್ಣೆದುರಿಗೇ ಇಳಿಸು ವೇಗಾರ್," ಎಂದಳು. "ಇನ್ನೊಂದು ಮಾತು. ಬೇಸಿಗೆಯಿಂದ ನನ್ನ ಕಂತುಗಳ ಸಾಲು ಸರಿಮಾಡ್ತಿರೋಳು ಮಾರೆನ್. ಅದನ್ನೂ ಬರ್ಕೋ."

ಮುಂದಿನ ವಾರ ಸಿಗ್ರುನ್‌ಗೆ ಬರಬೇಕಿದ್ದ ಕಂತನ್ನು ವೇಗಾರ್ ಕಳಿಸಲಿಲ್ಲ. ಸಿಗ್ರುನ್ ಕಣ್ಣಿನ ಆಸ್ಪತ್ರೆಗೆ ಹೋಗಿ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿಕೊಂಡು ಬಂದಳು. ಶನಿವಾರ ಮಾರೆನ್ ಫೋನ್ ಮಾಡಿದಳು. "ನಲವತ್ತೊಂದು ಕೊಡ್ತೀನಿ, ಆದ್ರೆ ಮುಚ್ಚಿಡು ಅಂದ ವೇಗಾರ್. ಕೊಡೋದಾದ್ರೆ ಕೊಡು, ಮುಚ್ಚಿಡಲ್ಲ ಅಂದೆ. ನೋಡ್ತೀನಿ ಅಂದಿದಾನೆ." ಸಿಗ್ರುನ್ ಆಸ್ಪತ್ರೆಯ ಸುದ್ದಿ ಹೇಳಿದ ಮೇಲೆ ಕೇಳಿದಳು, "ಕಣ್ಣಿನ ಆಪರೇಷನ್‌ಗೆ ಜೊತೇಲಿ ಯಾರು ಬರ್ತಾರೆ?"

ಆ ದಿನ ಸಿಗ್ರುನ್ ಮತ್ತೆ ತೆರಿಗೆಯ ತಾಣ ತೆರೆದಳು. ಅವಳು ಬರೆದ ದರ ನಿಜವೋ ಸುಳ್ಳೋ ಎಂದು ಕಂಪನಿಗೆ ದುಡಿಯುವ ಉಳಿದವರು ಅವಳ ಆದಾಯ ಹುಡುಕಿ ನೋಡಿದ್ದರು. ಹನ್ನೊಂದು ಹೊಸ ಹೆಸರುಗಳು. ಪರದೆಗೆ ಮೂಗು ತಾಗುವಷ್ಟು ಬಗ್ಗಿ ಒಂದೊಂದನ್ನೂ ಓದಿ, ಕಾಗದದ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಂಡಳು. ಆಮೇಲೆ ಮೊದಲನೆಯ ಹೆಸರಿನ ನಂಬರ್ ಹುಡುಕಿ ಒತ್ತಿದಳು.

"ನಾನು ಸಿಗ್ರುನ್. ನೀವು ನನ್ನ ಹೆಸರು ಹುಡುಕಿದ್ರಲ್ಲ," ಎಂದಳು. "ಗಾಬರಿ ಆಗಬೇಡಿ, ಬೈಯೋಕೆ ಮಾಡಿದ್ದಲ್ಲ. ಏನು ತಿಳೀಬೇಕಿತ್ತು, ಕೇಳಿ."