ಮೂರೇ ಕರ್ಚೀಫು

"ಅಮ್ಮ, ನೀನಲ್ಲಿ ನಿಂತ್ಕೋಬೇಡ," ಎಂದಳು ಮಗಳು. ಟೈಲರಮ್ಮ ಕೇಳಿಸಿಕೊಂಡರೆ ತಾನೆ! ಹೊಲಿಗೆ ಯಂತ್ರಕ್ಕೆ ಒರಗಿಸಿಟ್ಟ ಫೋನಿನ ಹಿಂದೆ, ರಟ್ಟಿಗೆ ಕಪ್ಪು ಬಟ್ಟೆ ಸುತ್ತಿ ಹಿಡಿದು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದೊಂದಿಗೆ ಸಜ್ಜಾಗಿ ನಿಂತಿದ್ದಳು.

ಎಂಟು ವರ್ಷದ ಈ ಹುಡುಗಿ ಮನೆಯಲ್ಲಿ ಅರಳು ಹುರಿದಂತೆ ಮಾತಾಡುತ್ತಿದ್ದಳು. ಐವತ್ತು ಮಕ್ಕಳ ತರಗತಿಯಲ್ಲಿ ಮಾತ್ರ ಇಡೀ ವರ್ಷ ತುಟಿ ಪಿಟಕ್ಕೆನ್ನಲಿಲ್ಲ. ಟೈಲರಮ್ಮ ಶಾಲೆ ಬಿಡಿಸಿ ಪಕ್ಕದಲ್ಲಿ ಕೂರಿಸಿಕೊಂಡಳು. ವಾರಕ್ಕೆ ಮೂರು ದಿನ ದೂರಶಿಕ್ಷಣದ ಟೀಚರು ಫೋನಿನಲ್ಲಿ ಬರುತ್ತಿದ್ದರು; ಉಳಿದ ಪಾಠವೆಲ್ಲ ಟೇಪು, ಕತ್ತರಿ, ಗುಂಡಿ ಡಬ್ಬದ ಜೊತೆ. ಬಸ್ಸು ಓಡಿಸುವ ಗಂಡ, "ಮನೇಲಿ ಕೂತು ಯಾರು ಉದ್ಧಾರ ಆಗಿದಾರೆ?" ಎಂದು ದಿನಕ್ಕೊಮ್ಮೆ ಕುಟುಕುತ್ತಿದ್ದ. ಇವತ್ತು ಫೋನಿನಲ್ಲೇ ಮೌಖಿಕ ಪರೀಕ್ಷೆ, ಅದೂ ಗುರುತಿಲ್ಲದ ಹಿರಿಯ ಮೇಡಂ ಮುಂದೆ. ಮಗಳು ಬಾಯಿ ಬಿಡದಿದ್ದರೆ ಮತ್ತೆ ಅದೇ ಶಾಲೆಯ ಬೆಂಚಿಗೆ ಕಳಿಸುವುದೆಂದು ಗಂಡನಿಗೆ ಮಾತು ಕೊಟ್ಟಾಗಿತ್ತು.

"ಒಂದು ಮೀಟರ್ ಬಟ್ಟೆ ಇದೆ. ಇಪ್ಪತ್ತೈದು ಸೆಂಟಿಮೀಟರ್ ಉದ್ದದ ಕರ್ಚೀಫು ಎಷ್ಟಾಗತ್ತೆ?" ಮೇಡಂ ಕೇಳಿದರು.

ಹುಡುಗಿ ಸುಮ್ಮನಿದ್ದಳು. ಟೈಲರಮ್ಮ ಗಡಿಬಿಡಿಯಿಂದ ಕಪ್ಪು ಬಟ್ಟೆಯ ಮೇಲೆ ದೊಡ್ಡದಾಗಿ ನಾಲ್ಕು ಬರೆದು ಎತ್ತಿ ಹಿಡಿದಳು. ಮಗಳು ಅದನ್ನು ನೋಡಿ ಹುಬ್ಬು ಗಂಟಿಕ್ಕಿದಳು.

"ಮೂರು."

"ಮೂರಾ? ನನ್ನ ಪುಸ್ತಕದಲ್ಲಿ ನಾಲ್ಕು ಅಂತಿದೆಯಲ್ಲ?"

"ಅಂಚು ಮಡಚೋಕೆ ಆ ಕಡೆ ಒಂದು ಸೆಂಟಿಮೀಟರು, ಈ ಕಡೆ ಒಂದು ಬಿಡ್ಬೇಕಲ್ಲ ಮೇಡಂ? ಅಂಚು ಹೊಲೀದೆ ಇದ್ರೆ ನಾಲ್ಕಾಗತ್ತೆ. ಆದ್ರೆ ಎರಡು ಸಲ ಒಗೆಯೋದ್ರಲ್ಲಿ ದಾರ ಬಿಟ್ಕೊಳ್ಳತ್ತೆ." ಒಂದು ಕ್ಷಣ ತಡೆದು ಸೇರಿಸಿದಳು: "ಅಮ್ಮನೂ ನಾಲ್ಕು ಅಂತಾನೇ ಬರೆದು ತೋರಿಸ್ತಿದಾಳೆ. ಇದನ್ನ ಹೇಳ್ಕೊಟ್ಟಿದ್ದು ಅವಳೇ, ಈಗ ಅವಳೇ ಮರ್ತಿದಾಳೆ."

ಟೈಲರಮ್ಮನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಅಮ್ಮನ್ನ ಸ್ವಲ್ಪ ಮುಂದೆ ಬರೋಕೆ ಹೇಳಮ್ಮ," ಎಂದರು ಮೇಡಂ. ಟೈಲರಮ್ಮ ಬಂದಳು, ಕಳ್ಳಿಯ ಹಾಗೆ ತಲೆ ತಗ್ಗಿಸಿಕೊಂಡು.

"ನೀವು ಹೊರಗೆ ಹೋಗಿ ಕೂತ್ಕೊಳ್ಳಿ. ಬಾಗಿಲು ಹಾಕ್ಕೊಂಡು ಹೋಗಿ. ನಾವಿಬ್ರೇ ಮಾತಾಡ್ತೀವಿ."

ಎಲ್ಲ ಕೆಡಿಸಿದೆನಲ್ಲ ಎಂದುಕೊಳ್ಳುತ್ತ ಅವಳು ಹೊರಗಿನ ಮೆಟ್ಟಿಲ ಮೇಲೆ ಕುಸಿದಳು. ಒಳಗೆ ಮೇಡಂ ಏನೋ ಕೇಳಿದರು. ಟೈಲರಮ್ಮ ಬಾಗಿಲಿನತ್ತ ಕಿವಿಗೊಟ್ಟಳು. ಅಷ್ಟರಲ್ಲಿ ಮಗಳ ದನಿ ಎದ್ದಿತು. ಮೊದಲು ಮೆಲ್ಲಗೆ, ಆಮೇಲೆ ಸರಾಗವಾಗಿ: ಎರಡು ಕಣ್ಣಿನ ಗುಂಡಿ, ನಾಲ್ಕು ಕಣ್ಣಿನ ಗುಂಡಿ, ಯಾವುದಕ್ಕೆ ಎಷ್ಟು ದಾರ ಬೇಕು...

"ನನ್ನ ಶರ್ಟು ಆಯ್ತೇನಮ್ಮ?" ಎನ್ನುತ್ತ ಪಕ್ಕದ ಬೀದಿಯ ಮುದುಕರೊಬ್ಬರು ಬಂದರು. ಟೈಲರಮ್ಮ ತುಟಿಯ ಮೇಲೆ ಬೆರಳಿಟ್ಟು, ಮೆಟ್ಟಿಲ ಮೇಲೆ ಸರಿದು ಅವರಿಗೂ ಜಾಗ ಮಾಡಿಕೊಟ್ಟಳು.